ಕದಿರಪ್ಪನ ಕಿರಣದ ಚೌಕಾಸಿ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದಲ್ಲಾಳಿ ಕದಿರಪ್ಪನಿಗಿಂತ ಅವನ ಹೆಗಲ ಮೇಲಿನ ಟವಲಿಗೇ ಮರ್ಯಾದೆ ಜಾಸ್ತಿ. ಇದನ್ನು ಅವನೇ ಒಪ್ಪಿಕೊಳ್ಳುತ್ತಿದ್ದ. ಎಲ್ಲ ವ್ಯಾಪಾರವೂ ಆ ಟವಲಿನ ಕೆಳಗೇ ನಡೆಯಬೇಕು. ಮಾರುವವನ ಕೈ ಒಂದು ಕಡೆಯಿಂದ, ಕೊಳ್ಳುವವನ ಕೈ ಇನ್ನೊಂದು ಕಡೆಯಿಂದ ಒಳಗೆ ಹೋಗುತ್ತದೆ, ಮಾತೆಲ್ಲ ಬೆರಳಿನದು. ಎಷ್ಟು ಬೆರಳು ಹಿಡಿದರೆ ಅಷ್ಟು, ಪೂರಾ ಅಂಗೈ ಅಮುಕಿದರೆ ಐದು, ಗೆಣ್ಣು ಹಿಂಡಿದರೆ ಅರ್ಧ. ನೂರೋ ಸಾವಿರವೋ ಎಂಬುದನ್ನು ಮಾತ್ರ ಬಾಯಲ್ಲಿ ಹೇಳಬೇಕು. ಸುತ್ತ ಎಷ್ಟೇ ಜನ ಕತ್ತು ಚಾಚಿಕೊಂಡು ನಿಂತಿದ್ದರೂ ಬೆಲೆ ಗೊತ್ತಾಗುವುದು ಆ ಎರಡು ಕೈಗಳಿಗೆ ಮಾತ್ರ. ಕುದುರಿದ ಬೆಲೆಯನ್ನು ಮೂರನೆಯವರಿಗೆ ಬಾಯಿ ಬಿಡುವಂತಿಲ್ಲ. ಕುದುರಿದ ಮೇಲೆ ಏರಿಸುವಂತೆಯೂ ಇಲ್ಲ, ಇಳಿಸುವಂತೆಯೂ ಇಲ್ಲ. ಈಗಿನ ಹುಡುಗರು ಮೊಬೈಲಿನಲ್ಲಿ ಬೆಲೆ ಕಳಿಸಿಕೊಳ್ಳುತ್ತಾರೆ. ಕದಿರಪ್ಪನ ಕಣ್ಣಿಗೆ ಅದು ನಡುಬೀದಿಯಲ್ಲಿ ಸ್ನಾನ ಮಾಡಿದ ಹಾಗೆ.

ಇಂಥ ಕದಿರಪ್ಪನಿಗೂ ಒಂದು ಕೊರಗಿತ್ತು. ಬಾದಾಮಿ ಹಣ್ಣಿನ ತೊಟ್ಟು ಮೂಸಿ ಅದು ಯಾವ ಕಡೆಯ ತೋಟದ್ದೆಂದು ಹೇಳಬಲ್ಲವನು, ತೋತಾಪುರಿಯನ್ನು ಅಂಗೈಯಲ್ಲಿ ತೂಗಿ ಇನ್ನೆಷ್ಟು ದಿನಕ್ಕೆ ಹಣ್ಣಾಗುತ್ತದೆಂದು ಹೇಳಬಲ್ಲವನು, ಓಟೆಯೊಳಗೆ ಹುಳ ಇದೆಯೋ ಇಲ್ಲವೋ ಎಂದು ಮಾತ್ರ ಹೇಳಲಾರ. ಹೊರಗೆ ಹಣ್ಣು ಮದುವೆ ಹೆಣ್ಣಿನ ಹಾಗೆ ಮಿನುಗುತ್ತಿರುತ್ತದೆ, ಒಂದು ಚುಕ್ಕೆ ಇರುವುದಿಲ್ಲ. ಕೊಯ್ದರೆ ನಡುಮಧ್ಯದಲ್ಲಿ ಕರೀ ಹುಳವೊಂದು ಸ್ವಂತ ಮನೆಯಲ್ಲಿದ್ದಂತೆ ಕೂತಿರುತ್ತದೆ. ಅದರಿಂದ ಕದಿರಪ್ಪ ತಲೆ ತಗ್ಗಿಸಿದ್ದು ಒಂದೆರಡು ಸಲವಲ್ಲ. ಕೊಯ್ಯದೆ ಒಳಗೆ ನೋಡುವ ವಿದ್ಯೆ ತನಗೆ ಬರಲಿಲ್ಲವಲ್ಲ ಎಂದು ಅವನು ಪ್ರತಿ ಸುಗ್ಗಿಯಲ್ಲೂ ಹಲುಬುತ್ತಿದ್ದ.

ಹಾಗಿರುವಾಗ ಒಮ್ಮೆ ಹಣ್ಣಿನ ಲಾರಿ ಮೇಲಿಂದ ಜಾರಿ ಬಿದ್ದು ಪಕ್ಕೆ ಹಿಡಿದುಕೊಂಡು ಆಸ್ಪತ್ರೆಗೆ ಹೋದ. ಅಲ್ಲಿಯ ಡಾಕ್ಟರು ಎಕ್ಸ್‌ರೇ ತೆಗೆಸಿ, ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಲುಬು ಮುರಿದಿಲ್ಲ ನೋಡಿ ಎಂದರು. ಕದಿರಪ್ಪನಿಗೆ ನೋವು ಮರೆತೇ ಹೋಯಿತು. ಕೊಯ್ದಿಲ್ಲ, ಬಗೆದಿಲ್ಲ, ಒಳಗಿರುವುದೆಲ್ಲ ಹೊರಗೆ. ಲೋಕದಲ್ಲಿ ನಿಜವಾದ ದಲ್ಲಾಳಿಗಳಿದ್ದರೆ ಇವರೇ ಎಂದು ಅಂದೇ ತೀರ್ಮಾನಿಸಿಬಿಟ್ಟ.

ಅಲ್ಲಿಂದ ಶುರುವಾಯಿತು. ಮಂಡಿ ಚಿಪ್ಪು ನೊಂದರೆ ಫೋಟೋ, ಕತ್ತು ಉಳುಕಿದರೆ ಫೋಟೋ, ಹಲ್ಲು ಜುಮ್ಮೆಂದರೆ ಫೋಟೋ. ಅವನು ಎಕ್ಸ್‌ರೇ ಎನ್ನುತ್ತಿರಲಿಲ್ಲ, ಫೋಟೋ ಎನ್ನುತ್ತಿದ್ದ. ಫೋಟೋಗೆ ಬರೆದುಕೊಡದೆ ಬರೀ ಮಾತ್ರೆ ಕೊಟ್ಟು ಕಳಿಸುವ ಡಾಕ್ಟರನ್ನು, ಹಣ್ಣು ಮುಟ್ಟದೆ ಬೆಲೆ ಕಟ್ಟುವವನು ಎಂದು ಹೀಯಾಳಿಸುತ್ತಿದ್ದ. ಮದುವೆ ಮನೆಯಲ್ಲಿ ಎಲೆ ಹಾಕುವ ಮೊದಲು ಬೀಗರಿಗೆ ತನ್ನ ಬೆನ್ನುಮೂಳೆ ತೋರಿಸಿದ ಮನುಷ್ಯ ಇಡೀ ತಾಲ್ಲೂಕಿನಲ್ಲಿ ಇವನೊಬ್ಬನೇ ಇರಬೇಕು. ಅವನ ಹೆಂಡತಿ ಆವಲಮ್ಮ ಅಂದು ಪಂಕ್ತಿಯಿಂದ ಎದ್ದೇ ಹೋಗಿದ್ದಳು.

ಆವಲಮ್ಮ ಹೆಚ್ಚು ಮಾತಾಡುವ ಹೆಂಗಸಲ್ಲ. ಮಾಡುವುದನ್ನು ಸದ್ದಿಲ್ಲದೆ ಮಾಡಿ ಮುಗಿಸುವವಳು. ಗಂಡ ಕೂಡಿಟ್ಟ ಫಿಲ್ಮುಗಳು ಬೀರುವಿನಲ್ಲಿ ಸೀರೆ ಇಡಲೂ ಜಾಗ ಬಿಡದೆ ಹೋದಾಗ ಅವುಗಳಿಗೆ ತೂತು ಮಾಡಿ, ದಾರ ಪೋಣಿಸಿ, ಮನೆ ಹಿಂದಿನ ಬೇನಿಷಾ ಮಾವಿನ ಮರಕ್ಕೆ ಕಟ್ಟಿಬಿಟ್ಟಳು. ಗಾಳಿಗೆ ಕದಿರಪ್ಪನ ಪಕ್ಕೆಲುಬು, ಮೊಣಕಾಲು, ದವಡೆ ಎಲ್ಲ ಫಳಫಳ ತಿರುಗತೊಡಗಿದವು. ಆ ವರ್ಷ ಗಿಳಿಗಳು ಆ ಮರದ ಕಡೆ ಸುಳಿಯಲಿಲ್ಲ. ಕದಿರಪ್ಪ ಮೊದಲು ಸಿಟ್ಟಾದ, ಆಮೇಲೆ ಹೆಮ್ಮೆಪಟ್ಟ. ತನ್ನ ಮೂಳೆ ಕಂಡರೆ ಹಕ್ಕಿಗಳೂ ಹೆದರುತ್ತವೆ ಎಂದು ಮಂಡಿಯಲ್ಲಿ ಹೇಳಿಕೊಂಡು ತಿರುಗಿದ.

ಈ ಸುಖಕ್ಕೆ ಕಲ್ಲು ಹಾಕಿದವರು ಮುರಳಿಮೋಹನ್ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರಾದ ಮೇಲೆ ಅವರಿಗೆ ಉಳಿದದ್ದು ಬಸ್‌ಸ್ಟ್ಯಾಂಡಿನ ಎದುರಿನ ಟೀ ಅಂಗಡಿ ಮತ್ತು ಅಲ್ಲಿ ಪೇಪರನ್ನು ಗಟ್ಟಿಯಾಗಿ ಓದುವ ಚಟ. ಒಂದು ದಿನ ಕದಿರಪ್ಪ ಪಕ್ಕದಲ್ಲಿ ಕೂತಿದ್ದಾಗ ಓದಿದರು: ಸ್ಕ್ಯಾನಿಂಗಿನ ಕಿರಣಗಳಿಂದ ಮುಂದೆ ಒಂದಷ್ಟು ಜನಕ್ಕೆ ಕ್ಯಾನ್ಸರ್ ಬರಬಹುದು ಎಂದು ಕೆಲವು ವಿದ್ವಾಂಸರು ಲೆಕ್ಕ ಹಾಕಿದ್ದಾರಂತೆ. ಎದೆಗೆ ಮಾಡುವ ಒಂದು ಸಿ.ಟಿ. ಸ್ಕ್ಯಾನು ಹತ್ತಾರು ಎಕ್ಸ್‌ರೇಗಳಿಗೆ ಸಮವಂತೆ. ಅಷ್ಟರಲ್ಲಿ ಟೀ ಬಂತು, ಓದು ಅಲ್ಲಿಗೇ ನಿಂತಿತು. ಅದು ಬರೀ ಲೆಕ್ಕ, ಇಷ್ಟು ಸಣ್ಣ ಪ್ರಮಾಣದಲ್ಲಿ ಅಪಾಯ ಇದೆ ಎಂದು ಖಚಿತವಾಗಿ ತೋರಿಸಿದವರಿಲ್ಲ ಎಂದು ಬೇರೆ ವಿದ್ವಾಂಸರು ಹೇಳಿದ ಮಾತು ಹಾಳೆಯ ಕೆಳಗಿನ ಅರ್ಧದಲ್ಲಿತ್ತು. ಆ ಅರ್ಧವನ್ನು ಅಂಗಡಿಯವನು ಹರಿದು ಯಾರಿಗೋ ಬೋಂಡ ಕಟ್ಟಿಕೊಟ್ಟ.

ಕದಿರಪ್ಪ ಅಂದು ಮನೆಗೆ ಬಂದವನೇ ಕೈಗೆ ಗೋಣಿಚೀಲ ಸುತ್ತಿಕೊಂಡು ದೋಟಿಯಿಂದ ಫಿಲ್ಮುಗಳನ್ನೆಲ್ಲ ಕೆಡವಿದ. ಇಷ್ಟು ವರ್ಷದ ಕಿರಣ ಅವುಗಳಲ್ಲಿ ತುಂಬಿಕೊಂಡಿದೆ ಎಂಬುದು ಅವನ ಎಣಿಕೆ. ತಿಪ್ಪೆಗುಂಡಿಯ ಪಕ್ಕ ಆಳವಾಗಿ ಹೂತು, ಮೇಲೊಂದು ಕಲ್ಲು ಹೇರಿದ. ಬೇನಿಷಾ ಮರದ ಕಾಯಿಯನ್ನು ಇನ್ನು ಮನೆಯಲ್ಲಿ ಯಾರೂ ತಿನ್ನಕೂಡದೆಂದು ಕಟ್ಟಪ್ಪಣೆ ಮಾಡಿದ. ಆವಲಮ್ಮ ಹೂಂ ಎಂದಳು. ಅದೇ ಮರದ ಕಾಯಿಯಿಂದ ಉಪ್ಪಿನಕಾಯಿ ಹಾಕಿ, ಮಳೆಗಾಲ ಪೂರ್ತಿ ಅವನ ತಟ್ಟೆಗೇ ಬಡಿಸಿದಳು. ಈ ಸಲ ಖಾರ ಚೆನ್ನಾಗಿ ಹಿಡಿದಿದೆ ಎಂದು ಅವನು ಚಪ್ಪರಿಸಿಕೊಂಡು ತಿಂದ.

ಆಮೇಲೆ ಕೂತು ಜೀವಮಾನದ ಫೋಟೋಗಳನ್ನು ಲೆಕ್ಕ ಹಾಕಲು ಹೊರಟ. ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಮಾಡಿದ ಸ್ಕ್ಯಾನಿಂಗನ್ನೂ ಸೇರಿಸಿದ. ಎದೆಗೆ ವೈರು ಅಂಟಿಸಿ ಕಾಗದದ ಮೇಲೆ ಗೀಟು ಎಳೆಸಿದ್ದನ್ನೂ ಸೇರಿಸಿದ. ಅವುಗಳಲ್ಲಿ ಕಿರಣವೇ ಇರುವುದಿಲ್ಲ ಎಂದು ಹೇಳುವವರು ಯಾರೂ ಇರಲಿಲ್ಲ. ಊರಿನಲ್ಲಿ ಎಲ್ಲಕ್ಕೂ ಸ್ಕ್ಯಾನಿಂಗ್ ಎಂದೇ ಹೆಸರು. ಒಟ್ಟಾರೆ ತಾನು ಇನ್ನೂ ಬದುಕಿರುವುದೇ ಆಶ್ಚರ್ಯ ಎಂಬಲ್ಲಿಗೆ ಲೆಕ್ಕ ಮುಟ್ಟಿತು. ಇನ್ನು ಮುಂದೆ ಕಾಲು ಮುರಿದರೂ ಫೋಟೋ ಇಲ್ಲ ಎಂದು ಮನೆದೇವರ ಮೇಲೆ ಆಣೆ ಇಟ್ಟ.

ಮನೆದೇವರಿಗೂ ತಮಾಷೆ ಬೇಕಿತ್ತೋ ಏನೋ. ಮಾವಿನ ಸುಗ್ಗಿ ಮುಗಿಯುತ್ತಿದ್ದಂತೆ ಕದಿರಪ್ಪನಿಗೆ ಕೆಮ್ಮು ಹಿಡಿಯಿತು. ಮಂಡಿಯ ಹುಲ್ಲಿನ ಧೂಳು ಎಂದು ಇನ್ನೊಂದು ಬೀಡಿ ಹಚ್ಚಿಕೊಂಡ. ಧೂಳು ಅಡಗಿದರೂ ಕೆಮ್ಮು ಅಡಗಲಿಲ್ಲ. ಅಂಗಿ ಸಡಿಲವಾಯಿತು, ಕೊರಳ ಮೂಳೆ ಮೇಲೆದ್ದಿತು. ಹೆಗಲಿನ ಟವಲು ಜಾರಿ ಜಾರಿ ಬೀಳುವುದನ್ನು ನೋಡಿದ ಆವಲಮ್ಮ ಒಂದು ಬೆಳಗ್ಗೆ ಅವನನ್ನು ಕೋಲಾರದ ಬಸ್ಸು ಹತ್ತಿಸಿದಳು.

ಕೋಲಾರದ ಆಸ್ಪತ್ರೆಯಲ್ಲಿ ಎದೆ ಡಾಕ್ಟರು ಚಂದ್ರಕಲಾ ಎಂಬ ಹೆಣ್ಣುಮಗಳು. ಆಣೆಯ ವಿಷಯ ಕೇಳಿ, ಒಂದೇ ಒಂದು ಚಿಕ್ಕ ಎಕ್ಸ್‌ರೇಗೆ ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಸಮಾಧಾನ ಹೇಳಿ ಕಳಿಸಿದರು. ಬಂದ ಫೋಟೋದಲ್ಲಿ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಮಚ್ಚೆ ಇತ್ತು. ಸುಮ್ಮನೆ ಹಳೇ ಗಾಯದ ಗುರುತೂ ಇರಬಹುದು, ಕೆಟ್ಟದ್ದೂ ಇರಬಹುದು. ಕೆಟ್ಟದ್ದಾಗಿದ್ದರೆ ಈಗಲೇ ಗೊತ್ತಾಗಬೇಕು, ಬೇಗ ಸಿಕ್ಕರೆ ತೆಗೆದುಹಾಕಬಹುದು, ತಡವಾದರೆ ಕಷ್ಟ ಎಂದು ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದರು. ಅದಕ್ಕೆ ಸಿ.ಟಿ. ಸ್ಕ್ಯಾನು ಆಗಲೇಬೇಕು. ಅದೇ, ಹತ್ತಾರು ಎಕ್ಸ್‌ರೇಗಳಿಗೆ ಸಮ ಎಂದು ಮೇಷ್ಟ್ರು ಓದಿದ್ದು.

ಸ್ಕ್ಯಾನಿಂಗ್ ಕೋಣೆ ಕೆಳಗಿನ ಅಂತಸ್ತಿನಲ್ಲಿತ್ತು. ಬಾಗಿಲ ಸಂದಿಯಿಂದ ಕಂಡ ಮಿಷನ್ನು ನಿಲ್ಲಿಸಿಟ್ಟ ಉದ್ದಿನವಡೆಯ ಹಾಗಿತ್ತು. ಕದಿರಪ್ಪ ಒಳಗೆ ಹೋಗದೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟ. ಅಲ್ಲಿದ್ದ ಡಾಕ್ಟರ ಹೆಸರು ಅಮರನಾಥ್, ಮಾಲೂರಿನವರು, ಮುಖ ಗಂಭೀರವಾದರೂ ಕಣ್ಣಿನಲ್ಲಿ ತುಂಟತನ. ಇವನ ಹಟ ನೋಡಿ ಚಂದ್ರಕಲಾ ಅವರೂ ಇಳಿದು ಬಂದಿದ್ದರು. ಕದಿರಪ್ಪ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, ಇದರಿಂದ ಏನೂ ಆಗುವುದಿಲ್ಲ ಎಂದು ಗ್ಯಾರಂಟಿ ಕೊಡುತ್ತೀರಾ ಎಂದು ಕೇಳಿದ.

"ಇಷ್ಟು ಸಣ್ಣ ಡೋಸಲ್ಲಿ ಕ್ಯಾನ್ಸರ್ ಬರುತ್ತೆ ಅನ್ನೋಕೆ ಗಟ್ಟಿ ಪುರಾವೆ ಇಲ್ಲ ಕದಿರಪ್ಪನವರೇ" ಎಂದರು ಚಂದ್ರಕಲಾ.

"ಬರಲ್ಲ ಅನ್ನೋಕೂ ಪುರಾವೆ ಇಲ್ಲ ಮೇಡಂ" ಎಂದರು ಅಮರನಾಥ್. "ತೀರಾ ಕಮ್ಮಿ, ಒಪ್ತೀನಿ. ಸೊನ್ನೆ ಅಂತ ಮಾತ್ರ ಬರೆದುಕೊಡೋಕಾಗಲ್ಲ."

ಇದು ಅವರಿಬ್ಬರ ನಡುವಿನ ಹಳೇ ಜಗಳ. ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ನಡೆಯುವಂಥದ್ದು. ದೊಡ್ಡ ಪ್ರಮಾಣದ ಕಿರಣಕ್ಕೆ ಹಾಕಿದ ಲೆಕ್ಕವನ್ನು ಹಾಗೇ ಕೆಳಗೆ ಎಳೆದುಕೊಂಡು ಬಂದು ಜನರನ್ನು ಹೆದರಿಸಬಾರದು, ಹೆದರಿದವರು ಬೇಕಾದ ಸ್ಕ್ಯಾನನ್ನೂ ಬಿಟ್ಟು ಕೂರುತ್ತಾರೆ ಎಂಬುದು ಚಂದ್ರಕಲಾ ಅವರ ವಾದ. ಗೊತ್ತಿಲ್ಲದಿರುವಾಗ ಅಪಾಯ ಇದೆ ಎಂದೇ ನಡೆದುಕೊಳ್ಳಬೇಕು, ಇಲ್ಲದಿದ್ದರೆ ತಲೆನೋವಿಗೂ ನೆಗಡಿಗೂ ಸ್ಕ್ಯಾನ್ ಬರೆಯುತ್ತಾ ಹೋಗುತ್ತಾರೆ ಎಂಬುದು ಅಮರನಾಥರ ವಾದ. ಕೋಲಾರದ ಬೆಟ್ಟದ ಬಂಡೆಗಳಿಂದಲೂ ಒಂದಿಷ್ಟು ಕಿರಣ ದಿನಾ ಬರುತ್ತಲೇ ಇರುತ್ತದೆ ಎಂದೂ ಚಂದ್ರಕಲಾ ಮಾತಿನ ಮಧ್ಯೆ ಸೇರಿಸಿದರು. ಕದಿರಪ್ಪ ಆಗ ತಾನು ಕೂತಿದ್ದ ಕಲ್ಲುಬೆಂಚಿನಿಂದ ಎದ್ದು ನಿಂತ. ಆದರೆ ಈ ಮನುಷ್ಯನಿಗೆ ಸ್ಕ್ಯಾನು ಬೇಕೇ ಬೇಕು, ಇದ್ದರೂ ಇರಬಹುದಾದ ಆ ಚೂರು ಅಪಾಯ ಎಂದೋ ಮುಂದಿನದು, ಮಚ್ಚೆ ಇವತ್ತಿನದು ಎಂಬಲ್ಲಿ ಇಬ್ಬರದೂ ಒಂದೇ ಮಾತು.

ಕದಿರಪ್ಪನ ಕಿವಿಗೆ ಕೊನೆಯ ಮಾತು ಬೀಳಲೇ ಇಲ್ಲ. ಒಂದೇ ಸರಕಿಗೆ ಓದಿದವರಿಬ್ಬರು ಎರಡು ಬೆಲೆ ಹೇಳುತ್ತಿದ್ದಾರೆ ಎಂಬುದೊಂದೇ ಬಿದ್ದದ್ದು. ಇಬ್ಬರು ಎರಡು ಬೆಲೆ ಹೇಳಿದರೆ ಅದರ ಅರ್ಥ ಮಂಡಿಯಲ್ಲಿ ಬೆಳೆದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೆಲೆ ಇನ್ನೂ ಕುದುರಿಲ್ಲ, ಚೌಕಾಸಿಗೆ ಜಾಗ ಇದೆ. ಅವನ ಕೈ ತಾನಾಗಿ ಹೆಗಲಿಗೆ ಹೋಯಿತು. ಟವಲನ್ನು ಕೊಡವಿ, ಎಡಗೈ ಮೇಲೆ ಹರಡಿ, ಅಮರನಾಥರ ಮುಂದೆ ಚಾಚಿದ. ಡಾಕ್ಟರಮ್ಮನ ಮುಂದೆ ಚಾಚಲಿಲ್ಲ. ಹೆಂಗಸರ ಕೈ ಟವಲಿನ ಕೆಳಗೆ ಹೋಗುವ ಪದ್ಧತಿ ಇರಲಿಲ್ಲ.

ಮನುಷ್ಯ ಬೆವರು ಒರೆಸಿಕೊಳ್ಳಲು ಕೊಡುತ್ತಿದ್ದಾನೆಂದು ತಿಳಿದು ಅಮರನಾಥ್ ಕೈ ಮುಂದೆ ಮಾಡಿದರು. ಅದು ಒಳಗೆ ಹೋಗಿಬಿಟ್ಟಿತು. ಕದಿರಪ್ಪ ಅವರ ಕಿರುಬೆರಳಿನ ಗೆಣ್ಣೊಂದನ್ನು ಹಿಂಡಿದ. ಅರ್ಧ. ಕಿರಣ ಅರ್ಧಕ್ಕಿಳಿಸಿ ಎಂದು. ಅಮರನಾಥರಿಗೆ ಅದು ಹೇಗೆ ಅರ್ಥವಾದೀತು. ಭಯಕ್ಕೆ ಕೈ ಹಿಡಿದುಕೊಂಡಿದ್ದಾನೆಂದು ಅವರು ಮೆದುವಾದರು. ನೀವು ಸಣಕಲು, ನಿಮ್ಮ ಮೈಗೆ ಪೂರಾ ಡೋಸು ಬೇಕಾಗುವುದೂ ಇಲ್ಲ, ಸಾಧ್ಯವಾದಷ್ಟು ಇಳಿಸಿಯೇ ಮಾಡುತ್ತೇನೆ ಎಂದುಬಿಟ್ಟರು.

ಅಲ್ಲೇ ಕೆಟ್ಟಿತು. ಕೇಳಿದ ತಕ್ಷಣ ಇಳಿಯುವವನ ಹಣ್ಣಿನಲ್ಲಿ ಖಂಡಿತ ಹುಳ ಇರುತ್ತದೆ ಎಂಬುದು ಕದಿರಪ್ಪನ ಅನುಭವ. ಇಷ್ಟು ಸಲೀಸಾಗಿ ಅರ್ಧಕ್ಕಿಳಿದರೆ ಮೊದಲು ಹೇಳಿದ್ದೆಲ್ಲ ಏನು? ಅವನು ಟವಲು ಹೆಗಲಿಗೆ ಹಾಕಿಕೊಂಡು, ಕೈ ಮುಗಿದು, ಬಸ್ಸಿಗೆ ಹೊತ್ತಾಯಿತೆಂದು ಹೊರಬಾಗಿಲ ಕಡೆ ತಿರುಗಿದ. ಚಂದ್ರಕಲಾ ಅಮರನಾಥರನ್ನು ನೋಡಿದರು, ಅಮರನಾಥ್ ತಮ್ಮ ಕಿರುಬೆರಳನ್ನು ನೋಡಿಕೊಂಡರು.

ಬಾಗಿಲಿಗೆ ಅಡ್ಡವಾಗಿ ಆವಲಮ್ಮ ನಿಂತಿದ್ದಳು. ಗಂಡನ ಹೆಗಲಿನಿಂದ ಟವಲನ್ನು ಎಳೆದುಕೊಂಡಳು. ಅವನ ಬಲಗೈ ಹಿಡಿದು ಅದರ ಮೇಲೆ ಹೊದಿಸಿ, ತನ್ನ ಕೈಯನ್ನು ಕೆಳಗೆ ತೂರಿಸಿದಳು.

"ಲೇ, ಏನೇ ಇದು" ಎಂದ ಕದಿರಪ್ಪ.

"ವ್ಯಾಪಾರ" ಎಂದಳು ಆವಲಮ್ಮ. "ನೂರಲ್ಲ, ಸಾವಿರ ಅಲ್ಲ. ವರ್ಷ."

ಹಾಗೆಂದು ಅವನ ಅಂಗೈಯನ್ನು ಪೂರಾ ಅಮುಕಿದಳು. ಬಿಟ್ಟು ಮತ್ತೆ ಅಮುಕಿದಳು. ಮತ್ತೊಮ್ಮೆ, ಮಗದೊಮ್ಮೆ. ಕದಿರಪ್ಪನಿಗೆ ಆಗ ಹೊಳೆಯಿತು. ಇದು ಕೈ ಹಿಡಿದದ್ದಲ್ಲ, ಬೆಲೆ ಹೇಳಿದ್ದು. ಅದೂ ಮಂಡಿಯವರ ಹಾಗೆ, ಬೆರಳು ಒಂದಿಷ್ಟೂ ತಡವರಿಸದೆ. ಇಷ್ಟು ವರ್ಷ ನನ್ನ ಜೊತೆ ಇರಬೇಕು, ಕೊಡುತ್ತೀರಾ ಎಂದು ಅವಳು ಕೇಳುತ್ತಿದ್ದಳು.

ಚೌಕಾಸಿ ಬಿಟ್ಟು ಬೇರೆ ಗೊತ್ತಿಲ್ಲದ ಅವನ ಕೈ ಮೂರು ಬೆರಳು ಹಿಡಿಯಿತು. ಆವಲಮ್ಮ ಟವಲಿನ ಕೆಳಗೇ ಚಿವುಟಿದಳು. ಅವನು ಇನ್ನೊಂದು ಬೆರಳು ಸೇರಿಸಿದ. ಅವಳು ತಲೆ ಅಲ್ಲಾಡಿಸಿ, ದನಿ ತಗ್ಗಿಸಿ, ಅವನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ಕಿರಣಕ್ಕಲ್ಲ ರೀ ನೀವು ಹೆದರ್ತಾ ಇರೋದು. ಒಳಗೆ ಹುಳ ಕಂಡುಬಿಟ್ರೆ ಅಂತ. ನಂಗೂ ಭಯನೇ. ಆದ್ರೆ ಕೊಯ್ಯದೆ ನೋಡೋ ಮಿಷನ್ನು ಇಲ್ಲೇ ಇದೆ, ಇದಕ್ಕೋಸ್ಕರ ಜೀವಮಾನ ಎಲ್ಲ ಹಲುಬಿದ್ರಿ. ಈಗ ಬೆನ್ನು ತಿರುಗಿಸಿ ಹೋಗ್ತೀರಾ?"

ಕದಿರಪ್ಪ ಹೆಂಡತಿಯ ಮುಖ ನೋಡಿದ. ಆ ಮುಖದಲ್ಲಿ ತಮಾಷೆ ಇರಲಿಲ್ಲ. ಕಣ್ಣಂಚಿನಲ್ಲಿ ನೀರಿತ್ತು, ಕೈ ಮಾತ್ರ ಹಿಡಿದ ಹಿಡಿತ ಬಿಟ್ಟಿರಲಿಲ್ಲ. ಟವಲು ಒಂದೆರಡು ಸಲ ಮೇಲೆ ಕೆಳಗೆ ಆಡಿತು. ಕೊನೆಗೆ ಅವನು ಅವಳ ಅಂಗೈಗೆ ಅಂಗೈ ತಟ್ಟಿ, "ಸರೇ, ಪೋನೀ" ಎಂದ. ಬೆಲೆ ಒಪ್ಪಿದಾಗ ಅವನ ಬಾಯಿಂದ ಬರುವುದು ತೆಲುಗೇ. ಎಷ್ಟಕ್ಕೆ ಕುದುರಿತು ಎಂದು ಡಾಕ್ಟರುಗಳಿಬ್ಬರಿಗೂ ಗೊತ್ತಾಗಲಿಲ್ಲ, ನಮಗೂ ಗೊತ್ತಿಲ್ಲ. ಅವನು ಚಪ್ಪಲಿ ಬಿಟ್ಟು, ಅಂಗಿ ಬಿಚ್ಚಿ, ಉದ್ದಿನವಡೆಯ ತೂತಿನೊಳಗೆ ಹೋಗಿ ಮಲಗಿದ. ಉಸಿರು ಬಿಗಿಹಿಡಿಯಿರಿ ಎಂದು ಮಿಷನ್ನು ಹೇಳಿದಾಗ ಆಚೆಯಿದ್ದ ಆವಲಮ್ಮನೂ ಬಿಗಿಹಿಡಿದಳು.

ಊರಿಗೆ ಮರಳುವ ಬಸ್ಸಿನಲ್ಲಿ ಅವನು ತಡೆಯಲಾರದೆ ಬೆರಳಿನ ಲೆಕ್ಕ ಯಾರು ಹೇಳಿಕೊಟ್ಟರು ಎಂದು ಕೇಳಿದ.

"ನೀವೇ" ಎಂದಳು ಆವಲಮ್ಮ. "ಸುಗ್ಗೀಲಿ ನಿದ್ದೆ ಮಾಡುವಾಗ ನನ್ನ ಕೈ ಹಿಡ್ಕೊಂಡು ರಾತ್ರಿ ಎಲ್ಲ ವ್ಯಾಪಾರ ಮಾಡ್ತೀರಿ. ಬಾಯಲ್ಲಿ ಸಾವಿರ ಸಾವಿರ ಅಂತೀರಿ. ಮದುವೆ ಆದಾಗಿಂದ ಕಲೀತಾ ಇದೀನಿ." ಆಮೇಲೆ ಕಿಟಕಿಯಾಚೆ ನೋಡುತ್ತಾ ಸೇರಿಸಿದಳು, "ಮನೇಲಿ ನೀವು ಹೇಳೋ ಬೆಲೆಗೂ ನಿದ್ದೇಲಿ ಹಿಡಿಯೋ ಬೆಲೆಗೂ ಒಂದು ವರ್ಷನಾದ್ರೂ ತಾಳೆ ಆಗಿಲ್ಲ ಬಿಡಿ."

ಬಸ್ಸು ಹತ್ತಿದಾಗಿಂದ ಬಾರದಿದ್ದ ಕೆಮ್ಮು ಕದಿರಪ್ಪನಿಗೆ ಆಗ ಬಂತು. ಊರು ಬರುವವರೆಗೂ ನಿಲ್ಲಲಿಲ್ಲ.

ಕೆಲವು ದಿನಗಳಾದ ಮೇಲೆ ಚಂದ್ರಕಲಾ ಅವರೇ ಫೋನು ಮಾಡಿ ಕರೆಸಿ ಹೇಳಿದರು. ಹುಳ ಇರಲಿಲ್ಲ. ಎಂದೋ ಗೊತ್ತಿಲ್ಲದೆ ಬಂದು, ಗೊತ್ತಿಲ್ಲದೆ ವಾಸಿಯಾದ ಕ್ಷಯದ ಗಾಯದ ಕಲೆ ಅದು. ಕೆಮ್ಮಿಗೂ ಮೈ ಇಳಿದದ್ದಕ್ಕೂ ಬೀಡಿಯಿಂದ ಕೆಟ್ಟ ಉಸಿರುನಾಳ ಕಾರಣ, ಅದಕ್ಕೆ ಔಷಧಿ ಇದೆ, ಬೀಡಿಗೆ ಮಾತ್ರ ಔಷಧಿ ಇಲ್ಲ, ಬಿಡಬೇಕು ಎಂದರು. ಇನ್ನು ಸುಮ್ಮಸುಮ್ಮನೆ ಫೋಟೋ ತೆಗೆಸಿಕೊಂಡು ತಿರುಗಬೇಡಿ, ಬೇಕು ಎಂದಾಗ ಬೇಡ ಎನ್ನಲೂಬೇಡಿ ಎಂದರು. ಆ ಮಾತಿಗೆ ಅಮರನಾಥರೂ ತಲೆಯಾಡಿಸಿದ್ದರಿಂದ ಇಬ್ಬರ ಬೆಲೆಯೂ ಒಂದಾಯಿತೆಂದು ಕದಿರಪ್ಪನಿಗೆ ನಂಬಿಕೆ ಬಂತು. ಸ್ಕ್ಯಾನಿನ ದೊಡ್ಡ ಫಿಲ್ಮನ್ನು ಅವನೇ ಬೇನಿಷಾ ಮರಕ್ಕೆ ಕಟ್ಟಿದ. ಮುರಳಿಮೋಹನ್ ಮೇಷ್ಟ್ರು ಪೇಪರು ತೆಗೆದರೆ, ಹಾಳೆ ಪೂರ್ತಿ ಓದುವವರೆಗೂ ಅವರಿಗೆ ಟೀ ಕೊಡಕೂಡದೆಂದು ಅಂಗಡಿಯವನಿಗೆ ಹೇಳಿಟ್ಟ.

ವರ್ಷ ತಿರುಗಿ, ಮತ್ತೊಂದು ಸಲ ತೋರಿಸಿಕೊಂಡು ಬರಲು ಗಂಡಹೆಂಡಿರು ಕೋಲಾರಕ್ಕೆ ಹೋದರು. ಬರೀ ಎಕ್ಸ್‌ರೇ ಸಾಕೆಂದು ತೆಗೆದರು, ಕಲೆ ಇದ್ದ ಹಾಗೇ ಇತ್ತು. ಬೀಡಿ ಬಿಟ್ಟು ಮೈ ತುಂಬಿಕೊಂಡಿದ್ದ ಕದಿರಪ್ಪನ ಹೆಗಲಿನಲ್ಲಿ ಟವಲು ಈಗ ಜಾರುತ್ತಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಅವನು ಆ ಕಡೆ ಈ ಕಡೆ ನೋಡಿ, ಟವಲನ್ನು ಆವಲಮ್ಮನ ಕೈ ಮೇಲೆ ಹರಡಿ, ಕೆಳಗಿನಿಂದ ಅವಳ ಅಂಗೈಯನ್ನು ಪೂರಾ ಅಮುಕಿದ. ಐದು. ಕುದುರಿದ್ದರ ಮೇಲೆ ಇನ್ನೂ ಐದು ವರ್ಷ.

ಆವಲಮ್ಮ ಕೈ ಕೊಡವಿ, ಮಾತಾದ ಮೇಲೆ ಏರಿಸುವುದು ಯಾವ ಮಂಡಿಯ ಪದ್ಧತಿ ಎಂದು ಗದರಿದಳು.

"ಆಗ ಸರಕು ನೋಡದೆ ಬೆಲೆ ಹೇಳಿದ್ದೆ ಕಣೇ" ಎಂದ ಕದಿರಪ್ಪ. "ಈಗ ಒಳಗೆ ನೋಡಿದ್ದಾಯ್ತಲ್ಲ."